ಪಡಸಾಲೆಯಲ್ಲಿ ಓಡುವ, ಒಳಗೆ ಕುಂಟುವ ಕಂಪ್ಯೂಟರ್

ಆ ಬೇಸಿಗೆಯಲ್ಲಿ ಒಂದೇ ಕಂಪ್ಯೂಟರನ್ನು ಎಷ್ಟು ಸಲ ಬಿಚ್ಚಿ ಜೋಡಿಸಿದೆನೋ ನನಗೇ ನೆನಪಿಲ್ಲ. ಆದರೆ ಬಿಚ್ಚಿದ್ದೆಲ್ಲ ಪಡಸಾಲೆಯಲ್ಲಿ, ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲಿ ಎಂಬುದು ಚೆನ್ನಾಗಿ ನೆನಪಿದೆ. ಅದನ್ನು ನೆನೆದರೆ ಇಂದಿಗೂ ಮೈಯುರಿಯುತ್ತದೆ. ಸಿಟ್ಟು ತಣ್ಣಗಾದ ಮೇಲೆ ಬರೆಯೋಣ ಎಂದು ಬಹಳ ವರ್ಷ ಕಾದೆ. ಅದು ತಣ್ಣಗಾಗುವ ಲಕ್ಷಣ ಕಾಣಲಿಲ್ಲ, ಹಾಗಾಗಿ ಬಿಸಿಯಿರುವಾಗಲೇ ಬರೆಯುತ್ತಿದ್ದೇನೆ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷಗಳಾಗಿದ್ದ ಕಾಲ. ಶಹಾಬಾದಿನ ಬಜಾರಿನಲ್ಲಿ ತಗಡಿನ ಚಾವಣಿಯ ಒಂದು ಅಂಗಡಿ ಹಿಡಿದು ಕಂಪ್ಯೂಟರ್ ಜೋಡಿಸಿ ಮಾರುತ್ತಿದ್ದೆ. ಬಿಡಿಭಾಗಗಳನ್ನು ಹೈದರಾಬಾದಿನಿಂದ ರೈಲಿನಲ್ಲಿ ತರುತ್ತಿದ್ದೆ. ವಾಡಿ ಜಂಕ್ಷನ್ನಿನಲ್ಲಿ ರೈಲು ಬದಲಿಸುವಾಗ ಮದರ್‌ಬೋರ್ಡಿನ ಡಬ್ಬಿಗಳನ್ನು ಕೂಸಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡು ಪ್ಲಾಟ್‌ಫಾರ್ಮಿನ ಮೇಲೆ ಕೂರುತ್ತಿದ್ದೆ. ಊರಿನಲ್ಲಿ ಈ ಕೆಲಸ ಮಾಡುವ ಹೆಣ್ಣು ನಾನೊಬ್ಬಳೇ. "ಯಜಮಾನ್ರು ಎಲ್ಲಿ? ಯಾವಾಗ ಬರ್ತಾರ?" ಎಂದು ಕೇಳುವ ಗಿರಾಕಿಗಳಿಗೆ "ನಾನೇ ಬಂದೀನಲ್ರಿ" ಎನ್ನುವುದು ರೂಢಿಯಾಗಿತ್ತು.

ಈ ಕಥೆಯ ಗಿರಾಕಿ ಒಬ್ಬ ಗಣಿತದ ಮಾಸ್ತರರು. ಊರಿನ ಒಂದು ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದರು. ಪ್ರಶ್ನೆಪತ್ರಿಕೆ ಟೈಪ್ ಮಾಡಬೇಕು ಎಂದು ಹೇಳಿ ನನ್ನಿಂದ ಕಡಿಮೆ ಬೆಲೆಯ ಕಂಪ್ಯೂಟರ್ ಕೊಂಡರು. ಅಗ್ಗದ ಪ್ರೊಸೆಸರ್, ಇರಲಿ ಎಂದು ಒಂದು ಸಣ್ಣ ಗ್ರಾಫಿಕ್ಸ್ ಕಾರ್ಡ್, ಕೆಲಸಕ್ಕೆ ಸಾಕಾಗುವಷ್ಟು ಮೆಮೊರಿ. ಕೊಂಡ ವಾರದಲ್ಲೇ ಯಾರೋ ಅವರಿಗೆ ಒಂದು ಕ್ರಿಕೆಟ್ ಆಟದ ಸಿಡಿ ಕೊಟ್ಟರು. ಪ್ರಶ್ನೆಪತ್ರಿಕೆಯ ಕಥೆ ಅಲ್ಲಿಗೆ ಮುಗಿಯಿತು. ಐವತ್ತು ದಾಟಿದ ಮನುಷ್ಯ ಸಂಜೆ ಶಾಲೆಯಿಂದ ಬಂದು ಧೋತರ ಉಟ್ಟು ಕುಳಿತರೆ ಭಾರತ ತಂಡದ ನಾಯಕರಾಗಿಬಿಡುತ್ತಿದ್ದರು. ಅದಕ್ಕೆ ನನ್ನ ತಕರಾರೇನೂ ಇರಲಿಲ್ಲ. ಆಡಲಿ, ಮನುಷ್ಯರು ತಾನೇ.

ಒಂದು ದಿನ ಅಂಗಡಿಗೆ ಫೋನ್ ಬಂತು.

"ನೋಡವಾ, ನಿನ್ನ ಕಂಪ್ಯೂಟರ್ ಎಳೀಲಿಕತ್ತದ. ಮೊದಲ ಎರಡು ಓವರ್ ಬೆಣ್ಣಿ ಹಂಗ ಓಡ್ತದ. ಆಮ್ಯಾಲ ಬಾಲ್ ಬೌಲರನ ಕೈಯಾಗ ಕಾಣ್ತದ, ಮುಂದ ಸೀದಾ ನನ್ನ ಸ್ಟಂಪಿನಾಗ ಕಾಣ್ತದ. ನಡಕ ಎಲ್ಲಿ ಹೋಗ್ತದ ಅದು?"

ನಗು ತಡೆದುಕೊಂಡು ಟೂಲ್ಸ್ ಚೀಲ ಹಿಡಿದು ಹೋದೆ. ಬಾಗಿಲಲ್ಲಿ ನಿಂತೆ. ಈ ಸಲವಾದರೂ ಒಳಗೆ ಕರೆಯುತ್ತಾರೆಂದು ಚಪ್ಪಲಿ ಬಿಟ್ಟಿದ್ದೆ ಕೂಡ. ಮಾಸ್ತರರು "ನಿಂದ್ರು, ನಿಂದ್ರು" ಎನ್ನುತ್ತ ಒಳಗೆ ಹೋಗಿ ಕ್ಯಾಬಿನೆಟ್ಟನ್ನು ಎದೆಗವಚಿಕೊಂಡು ತಂದು ಪಡಸಾಲೆಯ ಕಟ್ಟೆಯ ಮೇಲಿಟ್ಟರು. ಆಮೇಲೆ ಏದುಸಿರು ಬಿಡುತ್ತ ಮಾನಿಟರ್ ತಂದರು. ಆಗಿನ ಮಾನಿಟರು ಎಂದರೆ ಹಿಂದೆ ಗೂನು ಬೆನ್ನಿನ, ಇಬ್ಬರು ಎತ್ತಬೇಕಾದ ಸಾಮಾನು. ಕೊನೆಗೆ ಒಳಗಿನಿಂದ ಉದ್ದ ವೈರ್ ಎಳೆದರು.

"ಇಲ್ಲೇ ನೋಡಿಬಿಡವಾ. ಒಳಗ ಅವ್ವ ಇರ್ತಾಳ. ಮಡಿ. ಅಕಿಗಿ ನಡಿಯಂಗಿಲ್ಲ."

ಯಾಕೆ ನಡೆಯುವುದಿಲ್ಲ ಎಂದು ನಾನು ಕೇಳಲಿಲ್ಲ. ನಮ್ಮ ಮನೆ ಯಾವ ಓಣಿಯಲ್ಲಿದೆ, ಅದರ ಗೋಡೆಯ ಮೇಲೆ ಬುದ್ಧನ ಫೋಟೊ ಇದೆ ಎಂಬುದು ಊರಿಗೆಲ್ಲ ಗೊತ್ತು. ಕಂಪ್ಯೂಟರ್ ಮಾರಿದ ದಿನವೂ ಹೀಗೆಯೇ ಪಡಸಾಲೆಯಲ್ಲಿ ಜೋಡಿಸಿ ತೋರಿಸಿ ಬಂದಿದ್ದೆ. ಸೊಂಟನೋವಿನ ಮನುಷ್ಯ ಮಣಭಾರ ಹೊತ್ತು ಮೂರು ಸಲ ಓಡಾಡುತ್ತಾರೆ, ಆದರೆ ನಾನು ನಾಲ್ಕು ಹೆಜ್ಜೆ ಒಳಗೆ ಇಡಬಾರದು. ಸ್ಕ್ರೂಡ್ರೈವರ್ ತೆಗೆದು ಕೆಲಸಕ್ಕೆ ಕುಳಿತೆ.

ಆಟ ಹಾಕಿದೆವು. ಎರಡು ಓವರ್ ಆಯಿತು, ನಾಲ್ಕಾಯಿತು, ಹತ್ತಾಯಿತು. ಎಲ್ಲೂ ಎಳೆಯಲಿಲ್ಲ. ಮಾಸ್ತರರು ಮೂರು ಸಿಕ್ಸರ್ ಹೊಡೆದು "ಈಗ ನೋಡು ಹೆಂಗ ಓಡ್ತದ!" ಎಂದು ನನ್ನ ಮೇಲೆಯೇ ರೇಗಿದರು. ಹಿಂದೆ ಸುಮ್ಮನೆ ಓಡುತ್ತಿದ್ದ ಬೇಡದ ಪ್ರೋಗ್ರಾಮುಗಳನ್ನು ಮುಚ್ಚಿದೆ. ಗ್ರಾಫಿಕ್ಸ್ ಕಾರ್ಡಿನ ಹೊಸ ಡ್ರೈವರ್ ಹಾಕಿದೆ. ಪರದೆಯ ರೆಸಲ್ಯೂಷನ್ ಒಂದು ಮೆಟ್ಟಿಲು ಇಳಿಸಿದೆ. ನಮಸ್ಕಾರ ಹೇಳಿ ಬಂದೆ. ಮರುದಿನ ಸಂಜೆ ಮತ್ತೆ ಫೋನ್, ಅದೇ ದೂರು.

ಎರಡನೆಯ ಸಲ ಮೆಮೊರಿಯ ಮೇಲೆ ಸಂಶಯಪಟ್ಟೆ. ನನ್ನ ಚೀಲದ ಇನ್ನೊಂದು ಮೆಮೊರಿ ಕಡ್ಡಿ ಹಾಕಿದೆ, ಪಡಸಾಲೆಯಲ್ಲಿ ಓಡಿತು, ಒಳಗೆ ಕುಂಟಿತು. ಮೂರನೆಯ ಸಲ ಆ ಕಳ್ಳ ಸಿಡಿಯ ಜೊತೆ ವೈರಸ್ ಬಂದಿರಬೇಕೆಂದು ಹಾರ್ಡ್‌ಡಿಸ್ಕ್ ಪೂರ್ತಿ ಅಳಿಸಿ ಎಲ್ಲವನ್ನೂ ಹೊಸದಾಗಿ ತುಂಬಿದೆ. ಪಡಸಾಲೆಯಲ್ಲಿ ಓಡಿತು, ಒಳಗೆ ಕುಂಟಿತು. ಆಮೇಲೆ ಗ್ರಾಫಿಕ್ಸ್ ಕಾರ್ಡ್ ಬದಲಿಸಿದೆ. ಪವರ್ ಸಪ್ಲೈ ಬದಲಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಅಂಥ ಚಿಕಿತ್ಸೆ ನನ್ನದಾಗಿತ್ತು. ಹೊಸದಾಗಿ ಹಾಕಿದ ಒಂದೊಂದು ಭಾಗವೂ ಒಳ್ಳೆಯದೇ ಆಗಿತ್ತು, ತೆಗೆದದ್ದೂ ಒಳ್ಳೆಯದೇ ಆಗಿತ್ತು.

ವೋಲ್ಟೇಜ್ ಕಡಿಮೆಯಿರಬಹುದೇ ಎಂದು ಮೀಟರ್ ತೆಗೆದೆ. ಒಳಗಿನ ಪ್ಲಗ್ಗಿಗೆ ನಾನು ಹೋಗುವಂತಿಲ್ಲವಲ್ಲ, ಮೀಟರನ್ನು ಮಾಸ್ತರರ ಕೈಗೆ ಕೊಟ್ಟು ಹೇಗೆ ಹಿಡಿಯಬೇಕೆಂದು ಬಾಗಿಲಲ್ಲಿ ನಿಂತು ಪಾಠ ಹೇಳಿದೆ. ಒಳಗಿನಿಂದ ಅಂಕಿ ಕೂಗಿದರು. ಸರಿಯಾಗಿಯೇ ಇತ್ತು. ಇನ್ನು ಬಿಸಿಯಾಗುತ್ತಿರಬಹುದೇ? ಅಗ್ಗದ ಆ ಪ್ರೊಸೆಸರಿಗೆ ಒಂದು ಗುಣವಿತ್ತು. ಮಿತಿ ಮೀರಿ ಕಾದರೆ ಸುಟ್ಟುಹೋಗದೆ ಇರಲು ತಾನೇ ವೇಗ ಇಳಿಸಿಕೊಳ್ಳುತ್ತಿತ್ತು. ಆ ಬೋರ್ಡಿನಲ್ಲಿ ಬಿಸಿ ಎಷ್ಟೆಂದು ತಿಳಿಯಲು ಕಂಪ್ಯೂಟರ್ ಚಾಲೂ ಆಗುವಾಗ ಒಂದು ಕೀಲಿ ಒತ್ತಿ ಸೆಟ್ಟಿಂಗಿನ ನೀಲಿ ಪರದೆಗೇ ಹೋಗಬೇಕು. "ಆಟ ಎಳೆದ ಕೂಡಲೇ ಬಂದ್ ಮಾಡಿ ಚಾಲೂ ಮಾಡ್ರಿ ಸರ್, ಆ ಪರದೆಯಾಗ ಟೆಂಪರೇಚರ್ ಎಷ್ಟಂತ ಬರದಿಡ್ರಿ" ಎಂದು ಹೇಳಿ ಬಂದೆ. ಮರುದಿನ "ನೋಡೀನಿ, ಎಲ್ಲಾ ನಾರ್ಮಲ್ ಅದ" ಎಂದರು. ಬೆಳಿಗ್ಗೆ ಸ್ನಾನ ಸಂಧ್ಯಾವಂದನೆ ಮುಗಿಸಿ, ರಾತ್ರಿಯಿಡೀ ಬಂದ್ ಆಗಿದ್ದ ಕಂಪ್ಯೂಟರನ್ನು ಚಾಲೂ ಮಾಡಿ ಆ ಪರದೆ ನೋಡಿದ್ದರು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಗಣಿತದ ಮಾಸ್ತರರು!

ಅಷ್ಟರಲ್ಲಿ ಒಂದು ಭಾನುವಾರ ಅವರು ಸಹೋದ್ಯೋಗಿಗಳನ್ನು ಮನೆಗೆ ಕರೆದು ತಮ್ಮ ಬ್ಯಾಟಿಂಗ್ ತೋರಿಸಲು ಹೋದರು. ಎರಡು ಓವರ್ ಭರ್ಜರಿಯಾಗಿ ಆಡಿದರಂತೆ. ಮೂರನೆಯ ಓವರಿನಿಂದ ಒಂದಾದ ಮೇಲೊಂದು ವಿಕೆಟ್ ಉರುಳಿ ಇಡೀ ತಂಡ ಮನೆಗೆ ನಡೆಯಿತಂತೆ. ಬಂದವರು ಅವಲಕ್ಕಿ ತಿನ್ನುತ್ತ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಕುಣಿಯಲಾರದವರು ನೆಲ ಡೊಂಕು ಎನ್ನಲಿ, ಅದು ಲೋಕದ ರೂಢಿ. ಮಾಸ್ತರರು ನೆಲವನ್ನು ಬಿಟ್ಟು ನನ್ನನ್ನು ಹಿಡಿದರು.

ಅದನ್ನು ನನಗೆ ಹೇಳಿದ್ದು ಪಕ್ಕದ ಅಂಗಡಿಯ ಟೇಲರ್ ಚಾಚಾ. ಮಶೀನ್ ನಿಲ್ಲಿಸಿ, ಟೇಪನ್ನು ಕೊರಳಿಗೆ ಹಾಕಿಕೊಂಡೇ ಬಂದರು.

"ಬೇಟಿ, ಬಜಾರದಾಗ ಮಾತು ಭಾಳ ಖರಾಬ್ ನಡದಾದ. ಆ ಪೋರಿ ಡಬ್ಬಿ ಹೊಸಾದು ಕೊಟ್ಟಾಳ, ಒಳಗಿನ ಮಾಲ್ ಹಳೇದು ಹಾಕ್ಯಾಳ ಅಂತ ಮಾಸ್ತರ್ ಹೇಳ್ಕೋತ ತಿರಗ್ಲಿಕತ್ತಾನ. ಪ್ರತಿ ಸಲ ರಿಪೇರಿ ಅಂತ ಬಂದು ಒಂದೊಂದು ಪಾರ್ಟ್ ಬದಲ್ ಮಾಡ್ಕೊಂಡು ಹೋಗ್ತಾಳ ಅಂತ."

"ನಾ ಹಾಕಿದ್ದು ನಂದ ಮಾಲ್ ಚಾಚಾ, ಕೈಲಿಂದ ರೊಕ್ಕ ಹಾಕೀನಿ!"

"ನಂಗ ಗೊತ್ತದ. ಬಜಾರಕ್ಕ ಹೆಂಗ ಗೊತ್ತಾಗಬೇಕು?"

ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ಕುಕ್ಕಿದೆ. ಸಂಕಟಕ್ಕಲ್ಲ, ಸಿಟ್ಟಿಗೆ. ಮನೆಯೊಳಗೆ ಬಿಡದೆ ಬಾಗಿಲಲ್ಲಿ ಕೂರಿಸಿ ದುಡಿಸಿಕೊಂಡದ್ದು ಸಾಲದೆ, ಈಗ ಕಳ್ಳಿ ಎಂಬ ಹೆಸರು ಬೇರೆ. ಈ ಊರಿನಲ್ಲಿ ಅಂಗಡಿ ಸುಟ್ಟರೆ ಮತ್ತೆ ಕಟ್ಟಬಹುದು. ಮಾಲು ಬದಲಿಸುತ್ತಾಳೆ ಎಂಬ ಮಾತು ಒಂದು ಸಲ ಹತ್ತಿದರೆ ಮುಗಿಯಿತು. ಆ ವಾರವೇ ಸೇಡಂನಿಂದ ಪ್ರಿಂಟರ್ ತಂದಿಟ್ಟಿದ್ದವರೊಬ್ಬರು ಬಂದು, ರಿಪೇರಿ ಬೇಡ ಎಂದು ಹಾಗೆಯೇ ಎತ್ತಿಕೊಂಡು ಹೋದರು. ಹೋಗುವ ಮುನ್ನ ನನ್ನೆದುರೇ ಪ್ರಿಂಟರಿನ ಮುಚ್ಚಳ ತೆಗೆದು ಒಳಗೆ ಎಲ್ಲ ಇದೆಯೇ ಎಂದು ಇಣುಕಿ ನೋಡಿದರು. ಮಾಸ್ತರರ ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕೋಣೆ ಮಾಡುವವರಿದ್ದರು, ಆ ಕೆಲಸ ನನಗೆ ಬಹುತೇಕ ಖಾತ್ರಿಯಾಗಿತ್ತು. ಹೆಡ್ ಮಾಸ್ತರರು ಕರೆಸಿ ಹೇಳಿದರು: "ನೋಡ್ರಿ, ನನಗೇನ್ ನಿಮ್ಮ ಮ್ಯಾಲ ಸಂಶಯ ಇಲ್ಲ. ಆದ್ರ ಮೊದಲ ಅವರ ಕೂಡ ಕ್ಲಿಯರ್ ಮಾಡ್ಕೊಂಡು ಬರ್ರಿ." ಸಂಶಯ ಇಲ್ಲ ಎನ್ನುವವರ ಮುಖದಲ್ಲಿ ಎಷ್ಟು ಸಂಶಯ ಇರುತ್ತದೆ ಎಂಬುದನ್ನು ಅಂದು ನೋಡಿದೆ.

ಅಂದಿನಿಂದ ಅದು ನನಗೆ ಗಿರಾಕಿಯ ಕೆಲಸವಾಗಿ ಉಳಿಯಲಿಲ್ಲ. ಅದೇ ಬಿಡಿಭಾಗಗಳಿಂದ ಜೋಡಿಸಿದ ಇನ್ನೊಂದು ಕಂಪ್ಯೂಟರನ್ನು ಚಿತ್ತಾಪುರದ ಒಂದು ಫೋಟೊ ಸ್ಟುಡಿಯೋಗೆ ಮಾರಿದ್ದೆ. ಆ ಕ್ರಿಕೆಟ್ ಸಿಡಿ ಚೀಲಕ್ಕೆ ಹಾಕಿಕೊಂಡು ಚಿತ್ತಾಪುರಕ್ಕೆ ಹೋದೆ. ಸ್ಟುಡಿಯೋದವರು ಮದುವೆಯ ಆಲ್ಬಮ್ ಕೆಲಸ ನಿಲ್ಲಿಸಿ ಜಾಗ ಕೊಟ್ಟರು. ಮಧ್ಯಾಹ್ನವಿಡೀ ಆಡಿದೆ. ನನಗೆ ಕ್ರಿಕೆಟ್ ಬರುವುದಿಲ್ಲ, ಸೊನ್ನೆ ರನ್ನಿಗೆ ಔಟಾಗುತ್ತ ಹೋದೆ, ಆದರೆ ಬಾಲು ಬೌಲರನ ಕೈಯಿಂದ ನನ್ನ ಸ್ಟಂಪಿನವರೆಗೆ ನೀಟಾಗಿ, ನಡುವೆ ಎಲ್ಲೂ ಮಾಯವಾಗದೆ ಬಂದಿತು. ಅಂದರೆ ಮಾಲು ಸರಿ.

ಮುಂದೆ ಮಾಸ್ತರರ ಕಂಪ್ಯೂಟರನ್ನೇ ಅಂಗಡಿಗೆ ತಂದೆ. ಶಹಾಬಾದಿನ ಮೇ ತಿಂಗಳು. ತಗಡಿನ ಕೆಳಗೆ ಕುಳಿತರೆ ತಲೆ ಬೇಯುತ್ತದೆ, ರಸ್ತೆಯ ಕಡೆಯಿಂದ ಕಲ್ಲು ಪಾಲಿಶ್ ಮಾಡುವ ಮಶೀನುಗಳ ಪುಡಿ ಹಾರಿ ಬಂದು ಹಲ್ಲಿನ ಸಂದಿಯಲ್ಲಿ ಕೂರುತ್ತದೆ. ಅಲ್ಲಿಟ್ಟು ಬೆಳಿಗ್ಗೆಯಿಂದ ಸಂಜೆಯವರೆಗೆ, ಕಂಪ್ಯೂಟರ್ ತನ್ನೊಂದಿಗೆ ತಾನೇ ಆಡುವ ಹಾಗೆ ಮಾಡಿ ಬಿಟ್ಟೆ. ಚಾಚಾ ಬಟ್ಟೆ ಹೊಲಿಯುವುದು ಬಿಟ್ಟು ನೋಡುತ್ತ ಕುಳಿತರು. ಒಂದು ಸಲವೂ ಎಳೆಯಲಿಲ್ಲ. ಇದರಿಂದ ನಾನು ಮಾಡಿದ ತೀರ್ಮಾನವೇ ನನ್ನನ್ನು ಇನ್ನಷ್ಟು ದಿಕ್ಕು ತಪ್ಪಿಸಿತು. ಇಂಥ ಕುಲುಮೆಯಲ್ಲಿ ಓಡುವ ಯಂತ್ರ, ಕಲ್ಲಿನ ದಪ್ಪ ಗೋಡೆಯ ಅವರ ತಣ್ಣನೆಯ ಮನೆಯಲ್ಲಿ ಬಿಸಿಗೆ ನಿಲ್ಲುತ್ತದೆ ಎಂದರೆ ಯಾರು ನಂಬುತ್ತಾರೆ? ಬಿಸಿಯ ಮಾತನ್ನು ಪಟ್ಟಿಯಿಂದ ಹೊಡೆದುಹಾಕಿದೆ.

ಸಂಜೆ ಯಂತ್ರ ಬಂದ್ ಮಾಡಿ, ಅದರ ಎದುರು ಸುಮ್ಮನೆ ಕುಳಿತೆ. ಪಡಸಾಲೆಯಲ್ಲಿ ಓಡುತ್ತದೆ. ಅಂಗಡಿಯಲ್ಲಿ ಓಡುತ್ತದೆ. ಚಿತ್ತಾಪುರದಲ್ಲಿ ಇದರ ಜೋಡಿ ಓಡುತ್ತದೆ. ಓಡದಿರುವುದು ಒಂದೇ ಒಂದು ಜಾಗದಲ್ಲಿ, ಮತ್ತು ಆ ಜಾಗವನ್ನು ನಾನು ಕಣ್ಣಿನಿಂದ ನೋಡಿಯೇ ಇಲ್ಲ. ಬಾಗಿಲ ಹೊರಗೆ ನಿಂತು ಒಳಗಿನ ರೋಗಿಗೆ ಔಷಧ ಕೊಡುತ್ತ ಬಂದಿದ್ದೆ. ಮಾಸ್ತರರಿಗೆ ಫೋನ್ ಮಾಡಿ, ಕಂಪ್ಯೂಟರ್ ಒಳಗೆ ಎಲ್ಲಿಟ್ಟಿದ್ದೀರಿ ಎಂದು ಕೇಳಿದೆ.

"ಭಾಳ ಬೆಸ್ಟ್ ಜಾಗದಾಗ ಇಟ್ಟೀನಿ. ಒಂದ್ ಕಣ ಧೂಳ ಬರಂಗಿಲ್ಲ. ತಂಪ ಅಂದ್ರ ತಂಪ. ಜಾಗದ್ದೇನ್ ಚಿಂತಿ ಮಾಡಬ್ಯಾಡ, ನೀ ಮಾಲ್ ನೋಡ್ಕೊ."

ಮಾಲ್ ನೋಡ್ಕೊ! ಆ ಮಾತಿಗೆ ನನ್ನ ತಾಳ್ಮೆ ತೀರಿತು. ಮರುದಿನ ಬೆಳಿಗ್ಗೆ ಕಂಪ್ಯೂಟರನ್ನು ಆಟೋದಲ್ಲಿ ಹಾಕಿಕೊಂಡು ಅವರ ಮನೆಗೆ ಹೋದೆ. ಮಾಸ್ತರರು ಕ್ಯಾಬಿನೆಟ್ ತೆಗೆದುಕೊಳ್ಳಲು ಕೈ ಚಾಚಿದರು. ನಾನು ಕೊಡಲಿಲ್ಲ.

"ಸರ್, ಇದನ್ನ ಅದರ ಜಾಗದಾಗ ನಾನೇ ಇಡ್ತೀನಿ. ಅಲ್ಲೇ ಕುಂತು ನೋಡ್ತೀನಿ. ಇಲ್ಲಂದ್ರ ಈಗಿಂದೀಗ ವಾಪಸ್ ಒಯ್ತೀನಿ, ನಿಮ್ಮ ರೊಕ್ಕ ನಿಮಗ."

"ಹಂಗಂದ್ರ ಹೆಂಗವಾ? ಹೇಳೀನಲ್ಲ, ಅವ್ವಗ ನಡಿಯಂಗಿಲ್ಲ ಅಂತ."

"ನಡಿಯಂಗಿಲ್ಲಂದ್ರ ಕಂಪ್ಯೂಟರೂ ನಡಿಯಂಗಿಲ್ರಿ."

ನನ್ನ ದನಿ ಏರಿರಬೇಕು. ಎದುರು ಮನೆಯ ಬಾಗಿಲು ತೆರೆಯಿತು. ಕ್ಯಾಬಿನೆಟ್ಟಿನ ಭಾರಕ್ಕೆ ತೋಳು ಸೋಲುತ್ತಿತ್ತು, ಆದರೂ ಕೆಳಗಿಡಲಿಲ್ಲ. ಕೆಳಗಿಟ್ಟರೆ ಅದು ಮತ್ತೆ ಪಡಸಾಲೆಯೇ ಆಗುತ್ತಿತ್ತು. ಮಾಸ್ತರರು ಅತ್ತಿತ್ತ ನೋಡುತ್ತ "ಸಾವಕಾಶ ಮಾತಾಡು, ಸಾವಕಾಶ" ಎನ್ನುತ್ತಿರುವಾಗಲೇ ಒಳಗಿನಿಂದ ಕೆಂಪು ಸೀರೆ ಉಟ್ಟ ಅವರ ತಾಯಿ ಬಂದು ನಡುಮನೆಯ ಹೊಸ್ತಿಲಲ್ಲಿ ನಿಂತರು. ಅಷ್ಟು ದಿನ ಅವರ ಹೆಸರಷ್ಟೇ ಕೇಳಿದ್ದೆ. ಅವರ ತಲೆ ನನ್ನ ಭುಜದವರೆಗೂ ಬರುತ್ತಿರಲಿಲ್ಲ, ಕಣ್ಣು ಮಾತ್ರ ಸೂಜಿಯಂತೆ ಚುರುಕು.

"ಯಾರಿಗಿ ನಡಿಯಂಗಿಲ್ಲ?" ಎಂದು ಮಗನನ್ನು ಕೇಳಿದರು.

"ನಿನಗನ ಅವ್ವಾ, ಮಡಿ…"

"ನನ್ನ ಮಡಿ ಅಡಗಿಮನಿದು, ದೇವರ ಖೋಲಿದು. ನಿನ್ನ ಆಟದ ಖೋಲಿಗಿ ಎಂಥಾ ಮಡಿನೋ? ಅಲ್ಲಿ ನೀ ಚಪ್ಪಲ್ ಮೆಟಗೊಂಡು ಕುಂದರ್ತಿ. ನಾ ಯಾವಾಗ ಬ್ಯಾಡ ಅಂದೆ? ನನ್ನ ಕೇಳಿಯೇನು ನೀ?"

ಮುದುಕಿ ನನ್ನ ಕಡೆ ತಿರುಗಿದರು.

"ಬಾ, ಒಳಗ ಬಾ. ನೀ ಹೋದ ಮ್ಯಾಲ ನಾ ನೆಲಕ್ಕ ನೀರು ಹಾಕಸ್ತೀನಿ, ಅದನ್ನ ಮುಚ್ಚಿಡಂಗಿಲ್ಲ. ಆದ್ರ ಬರಬ್ಯಾಡ ಅಂತ ನಾ ಅಂದಿಲ್ಲ."

ಆ ಮಾತು ಎದೆಗೆ ನಾಟಿತು. ನಾಟಿದ್ದನ್ನು ನಾಟಲಿಲ್ಲ ಎಂದು ಹೇಳುವುದಿಲ್ಲ. ಆದರೆ ಮುದುಕಿ ತನ್ನದನ್ನು ತನ್ನ ಬಾಯಿಂದಲೇ, ನನ್ನ ಮುಖ ನೋಡಿ ಹೇಳಿದರು. ಅವರ ಜೊತೆ ಜಗಳವಾಡಬಹುದಿತ್ತು. ತನ್ನ ಮೈಲಿಗೆಯನ್ನು ತಾಯಿಯ ಸೆರಗಿಗೆ ಕಟ್ಟಿ ಇಷ್ಟು ದಿನ ನನ್ನನ್ನು ಹೊರಗೆ ನಿಲ್ಲಿಸಿದ ಮಗನ ಜೊತೆ ಏನು ಜಗಳವಾಡುವುದು?

"ಹಾಕಸ್ರಿ ಅಜ್ಜಿ, ಬ್ಯಾಸಗಿ ಅದ, ನೆಲ ತಂಪಾಗ್ತದ. ಕಂಪ್ಯೂಟರಿಗಿ ಮಾತ್ರ ಹಾಕಸಬ್ಯಾಡ್ರಿ" ಎಂದೆ. ಮುದುಕಿ ಒಂದು ಕ್ಷಣ ನನ್ನನ್ನೇ ದಿಟ್ಟಿಸಿ, ದಾರಿ ಬಿಟ್ಟು ಸರಿದು ನಿಂತರು.

ಒಳಗೆ ಹೋದೆ. ಕೋಣೆಯ ಮೂಲೆಯಲ್ಲಿ ಅದು ಕಾಣಿಸಿತು. ನೋಡಿದ ಕೂಡಲೇ ನಗಬೇಕೋ ಮಾಸ್ತರರ ಕೊರಳಪಟ್ಟಿ ಹಿಡಿಯಬೇಕೋ ತಿಳಿಯದೆ ನಿಂತುಬಿಟ್ಟೆ.

ನಮ್ಮ ಊರಿನಲ್ಲಿ ಎಲ್ಲವೂ ಫರಸಿ. ಗಣಿಯಿಂದ ಪದರ ಪದರವಾಗಿ ಏಳುವ ಚಪ್ಪಟೆ ಕಲ್ಲು. ನೆಲಕ್ಕೆ ಫರಸಿ, ಕಪಾಟಿಗೆ ಫರಸಿ, ನೀರಿನ ತೊಟ್ಟಿಗೆ ಫರಸಿ, ಕುಳಿತುಕೊಳ್ಳುವ ಕಟ್ಟೆಗೆ ಫರಸಿ. ಬೇಸಿಗೆಯ ಮಧ್ಯಾಹ್ನ ನೀರು ಚಿಮುಕಿಸಿ ಬರಿಮೈಯಲ್ಲಿ ಅದರ ಮೇಲೆ ಮಲಗಿದರೆ ಸ್ವರ್ಗ. ಫರಸಿ ತಂಪು ಎಂಬುದು ಇಲ್ಲಿ ಹುಟ್ಟಿದ ಯಾರೂ ಪ್ರಶ್ನಿಸದ ಸತ್ಯ. ಮಾಸ್ತರರು ಆ ಸತ್ಯವನ್ನು ನಂಬಿ, ಕಲ್ಲುಗಾರೆ ಕೆಲಸದ ಗೌಂಡಿಯನ್ನು ಕರೆಸಿ, ಕ್ಯಾಬಿನೆಟ್ಟಿನ ಅಳತೆ ಕೊಟ್ಟು, ಕಂಪ್ಯೂಟರಿಗೆ ಫರಸಿಯ ಮನೆ ಕಟ್ಟಿಸಿದ್ದರು. ಎಡಕ್ಕೆ, ಬಲಕ್ಕೆ, ಹಿಂದಕ್ಕೆ ಕನ್ನಡಿಯಂತೆ ಪಾಲಿಶ್ ಮಾಡಿದ ಕಲ್ಲು. ಮೇಲೊಂದು ಕಲ್ಲು, ಅದರ ಮೇಲೆ ಮಾನಿಟರ್. ಮುಂದೆ ಗಾಜಿನ ಬಾಗಿಲು. ಅಳತೆ ಎಷ್ಟು ಕರಾರುವಾಕ್ಕೆಂದರೆ ಕ್ಯಾಬಿನೆಟ್ ಸುತ್ತ ಬೆರಳು ತೂರುವುದಿಲ್ಲ. ವೈರ್ ಹೋಗುವ ತೂತಿನ ಸಂದಿಗೂ ಧೂಳು ಬಾರದ ಹಾಗೆ ಬಟ್ಟೆ ತುರುಕಿದ್ದರು. ಕ್ಯಾಬಿನೆಟ್ಟಿನ ಬೆನ್ನಿನ ಫ್ಯಾನು ಹೊರಗೆ ಉಗುಳಿದ ಬಿಸಿಗಾಳಿ ಎದುರಿನ ಕಲ್ಲಿಗೆ ಬಡಿದು, ಬೇರೆ ದಾರಿಯಿಲ್ಲದೆ ಮತ್ತೆ ಅದೇ ಯಂತ್ರದ ಹೊಟ್ಟೆಗೆ ಹೋಗಬೇಕು.

"ಹೆಂಗದ?" ಎಂದರು ಮಾಸ್ತರರು. ಆ ಸ್ಥಿತಿಯಲ್ಲೂ ಅವರ ದನಿಯಲ್ಲಿ ಜಂಬ ಇತ್ತು.

ಕ್ಯಾಬಿನೆಟ್ಟನ್ನು ಅದರ ಗೂಡಿಗೆ ತಳ್ಳಿ ಗಾಜಿನ ಬಾಗಿಲು ಹಾಕಿದೆ. "ಆಡ್ರಿ" ಎಂದೆ. ಎರಡು ಓವರ್ ಬೆಣ್ಣೆ. ಮೂರನೆಯದರಲ್ಲಿ ಬೌಲರ್ ಓಡಿ ಬರುತ್ತ ಗಾಳಿಯಲ್ಲಿ ನಿಂತ. ಇಷ್ಟು ದಿನ ಹೇಳಿಕೆಯಲ್ಲಷ್ಟೇ ಕೇಳಿದ್ದ ದೋಷವನ್ನು ಅಂದು ಮೊದಲ ಸಲ ಕಣ್ಣಾರೆ ಕಂಡೆ. ಬಾಗಿಲು ತೆಗೆದು ಗೂಡಿನ ಅಂಚಿನ ಕಲ್ಲು ಮುಟ್ಟಿದರೆ ರೊಟ್ಟಿ ಬೇಯಿಸುವ ಹೆಂಚು. ಕೂಡಲೇ ಯಂತ್ರ ಬಂದ್ ಮಾಡಿ ಚಾಲೂ ಮಾಡಿ, ಆ ನೀಲಿ ಪರದೆಗೆ ಹೋಗಿ, ಬಿಸಿಯ ಅಂಕಿಯ ಮೇಲೆ ಬೆರಳಿಟ್ಟೆ.

"ಓದ್ರಿ ಸರ್."

ಓದಿದರು. ಮತ್ತೆ ಓದಿದರು. ಹಿಂದೊಂದು ಬೆಳಿಗ್ಗೆ, ಯಂತ್ರ ತಣ್ಣಗಿದ್ದಾಗ, ತಾವು ನೋಡಿದ್ದ ಅಂಕಿಯ ಎರಡರಷ್ಟಿತ್ತು.

ಕ್ಯಾಬಿನೆಟ್ಟನ್ನು ಹೊರಗೆಳೆದು ನೆಲದ ಮೇಲಿಟ್ಟೆ, ಆಟ ಓಡಿತು. ಒಳಗೆ ತಳ್ಳಿದೆ, ಕುಂಟಿತು. ಹೊರಗೆಳೆದೆ, ಓಡಿತು. ಇನ್ನು ಯಾರೂ ಏನೂ ಹೇಳಲು ಉಳಿಯಬಾರದೆಂದು ಮಾಸ್ತರರ ಕೈಯಿಂದಲೇ ಮತ್ತೊಂದು ಸಲ ಮಾಡಿಸಿದೆ.

"ಆದ್ರ ಫರಸಿ ತಂಪ ಇರ್ತದಲ್ಲ?" ಎಂದರು, ಸಣ್ಣ ದನಿಯಲ್ಲಿ.

"ಗಾಳಿ ಆಡಿದ್ರ ತಂಪ ಸರ್. ಒಲಿ ಸುತ್ತ ಇಟ್ರ ಫರಸೀನೂ ಒಲೀನ."

ಸಂಜೆ ಅದೇ ಗೌಂಡಿ ಬಂದು ಹಿಂದಿನ ಕಲ್ಲನ್ನು ಕಿತ್ತ. ಗಾಜಿನ ಬಾಗಿಲನ್ನೂ ತೆಗೆಸಿದೆ. ಬರುವಾಗ ಮಾಸ್ತರರಿಗೆ ಒಂದೇ ಮಾತು ಹೇಳಿದೆ: "ನನ್ನ ಮಾಲ್ ಸರಿ ಇತ್ತು ಅಂತ ಸ್ಟಾಫ್ ರೂಮಿನಾಗ ನೀವ ಹೇಳಬೇಕು." "ಹೇಳ್ತೀನಿ, ಹೇಳ್ತೀನಿ" ಎಂದರು. ಕಿತ್ತ ಕಲ್ಲನ್ನು ನನಗೆ ಕೊಡಿ ಎಂದೆ. ಮನೆಯಿಂದ ತೊಲಗಿದರೆ ಸಾಕೆಂಬಂತೆ ಸಂತೋಷದಿಂದ ಕೊಟ್ಟರು. ಪಡಸಾಲೆ ದಾಟುವಾಗ ಹಿಂದೆ ಬಕೆಟ್ಟಿನ ಸದ್ದು ಕೇಳಿತು. ಮುದುಕಿ ಮಾತಿಗೆ ತಪ್ಪಿರಲಿಲ್ಲ. ನಾನು ತಿರುಗಿ ನೋಡಲಿಲ್ಲ.

ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ವಾರ ಹೆಡ್ ಮಾಸ್ತರರ ಹತ್ತಿರ ಹೋದೆ. ಕ್ಲಿಯರ್ ಆಯಿತೇ ಎಂದು ಕೇಳುವ ಮೊದಲೇ ಅವರು ನಗುತ್ತ ಹೇಳಿದರು: "ಮಾಸ್ತರ್ ಹೇಳಿದ್ರು ಬಿಡ್ರಿ. ನಿಮ್ಮ ಕಂಪ್ಯೂಟರದಾಗ ಏನೋ ಸಣ್ಣ ಫಾಲ್ಟ್ ಇತ್ತಂತ, ಬಂದು ಸರಿ ಮಾಡಿದ್ರಂತ. ದೊಡ್ಡ ಮನಸ್ಸು ಮಾಡಿ ಸುಮ್ಮ ಬಿಟ್ಟೀನಿ ಅಂದ್ರು."

ದೊಡ್ಡ ಮನಸ್ಸು! ನನ್ನನ್ನು ಕಳ್ಳಿ ಎಂದದ್ದು ಸಾಲದೆ ಈಗ ಕ್ಷಮಿಸಿಯೂ ಬಿಟ್ಟಿದ್ದರು. "ಒಂದ್ ಸ್ವಲ್ಪ ಕುಂದ್ರಿ ಸರ್, ಬಂದೆ" ಎಂದು ಹೊರಗೆ ಬಂದವಳು ಅಂಗಡಿಗೆ ಹೋದೆ. ಆ ಫರಸಿಯನ್ನು ಆಟೋದಲ್ಲಿ ಹಾಕಿಸಿದೆ. ಆಟೋದವನು ಒಂದು ಕಡೆ, ನಾನು ಒಂದು ಕಡೆ ಹಿಡಿದು, ಬೆಳಗಿನ ಮೊದಲ ವಿರಾಮದಲ್ಲಿ ಶಿಕ್ಷಕರೆಲ್ಲ ಚಹಾ ಕುಡಿಯುತ್ತಿದ್ದ ಸ್ಟಾಫ್ ರೂಮಿಗೆ ಹೊತ್ತು ತಂದು, ಉದ್ದನೆಯ ಮೇಜಿಗೆ ಒರಗಿಸಿದೆವು. ಚಹಾದ ಕಪ್ಪುಗಳು ನಡುಗಿದವು. ಹೆಡ್ ಮಾಸ್ತರರೂ ಹಿಂದೆಯೇ ಬಂದರು.

"ಇದೇನ್ರಿ ಇದು?"

"ಫಾಲ್ಟ್ ಸರ್. ನಮ್ಮ ಮಾಸ್ತರರ ಕಂಪ್ಯೂಟರದಾಗ ಇದ್ದ ಸಣ್ಣ ಫಾಲ್ಟ್. ಎಲ್ಲಿಂದ ಬಂತು ಅಂತ ಅವರನ್ನ ಕೇಳ್ರಿ."

ಎಲ್ಲರೂ ಮಾಸ್ತರರ ಕಡೆ ನೋಡಿದರು. ಅವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಕಲ್ಲಿನ ಮೇಲೆ ಫ್ಯಾನಿನ ಗಾಳಿ ಬಡಿದ ಕಡೆ ಬಿದ್ದಿದ್ದ ದುಂಡನೆಯ ಕಪ್ಪು ಗುರುತು ಎಲ್ಲರಿಗೂ ಕಾಣುತ್ತಿತ್ತು. ನಾನು ಒಂದು ಮಾತೂ ಸೇರಿಸಲಿಲ್ಲ. ಸೇರಿಸಿದ್ದರೆ ಅವರು ಆ ಮಾತಿನ ಹಿಂದೆ ಅಡಗಿಕೊಳ್ಳುತ್ತಿದ್ದರು.

"ನನ್ನ ಮನೀದು" ಎಂದರು ಕೊನೆಗೆ. "ನಾನ ಕಟ್ಟಿಸಿದ್ದೆ. ಗಾಳಿ ಹೋಗಲಿಕ್ಕ ಜಾಗ ಬಿಟ್ಟಿದ್ದಿಲ್ಲ. ಅಕಿ ಮಾಲ್‌ದಾಗ ಏನೂ ತಪ್ಪಿದ್ದಿಲ್ಲ."

ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಮಾಸ್ತರರ ಮುಖ ಕೆಂಪಾಯಿತು. ನನಗೆ ಅಯ್ಯೋ ಪಾಪ ಎನಿಸಲಿಲ್ಲ. ಕಲ್ಲು ಎತ್ತಿಸಿಕೊಂಡು ವಾಪಸ್ಸು ಬಂದೆ. ಶಾಲೆಯ ಕಂಪ್ಯೂಟರ್ ಕೋಣೆ ಮುಂದಿನ ತಿಂಗಳು ನಾನೇ ಮಾಡಿದೆ. ಆ ಫರಸಿಯನ್ನು ಎರಡು ಇಟ್ಟಿಗೆಯ ಗುಡ್ಡೆಗಳ ಮೇಲೆ ಕೂರಿಸಿ ಅಂಗಡಿಯ ಮುಂದೆ ಗಿರಾಕಿಗಳಿಗೆ ಕಟ್ಟೆ ಮಾಡಿದೆ. ಅಂಗಡಿಯ ಒಳಗೆ ಒಂದು ರಟ್ಟು ತೂಗುಹಾಕಿ ದಪ್ಪ ಅಕ್ಷರದಲ್ಲಿ ಬರೆದೆ: ಕಂಪ್ಯೂಟರ್ ಇರುವ ಜಾಗದಲ್ಲೇ ನೋಡಲಾಗುವುದು. ನಿಧಾನ ಓಡುತ್ತದೆ ಎಂದು ಯಾರು ಬಂದರೂ ಇದೇ ನಿಯಮ. ಕೆಲವರು ಸರಿ ಎಂದರು. ಕೆಲವರು ರಟ್ಟನ್ನು ಓದಿ, ನನ್ನ ಮುಖ ನೋಡಿ, ಆಮೇಲೆ ಬರುತ್ತೇವೆ ಎಂದು ಹೋದವರು ಮತ್ತೆ ಬರಲಿಲ್ಲ. ಹೋಗಲಿ ಎಂದುಕೊಂಡೆ.

ದಸರೆಯ ರಜೆ ಮುಗಿದ ಮೇಲೆ ಒಂದು ದಿನ ಅಂಗಡಿಯ ಮುಂದೆ ಆಟೋ ನಿಂತಿತು. ಮಾಸ್ತರರು ಇಳಿದರು, ಜೊತೆಗೆ ಅವರ ಶಾಲೆಯ ಇನ್ನೊಬ್ಬ ಶಿಕ್ಷಕರು, ಅವರ ಕೈಯಲ್ಲೊಂದು ಕ್ಯಾಬಿನೆಟ್. ಆ ಶಿಕ್ಷಕರ ಕಂಪ್ಯೂಟರಿನಲ್ಲೂ ಆಟ ಎಳೆಯುತ್ತದಂತೆ.

"ಕುಂದ್ರಿ ಸರ್" ಎಂದು ಕಟ್ಟೆ ತೋರಿಸಿದೆ. ಮಾಸ್ತರರು ಕಲ್ಲನ್ನು ಗುರುತಿಸಿದರು. ಒಂದು ಕ್ಷಣ ನಿಂತರು. ಆಮೇಲೆ ಧೋತರದ ಅಂಚು ಎತ್ತಿ ಅದರ ಮೇಲೆಯೇ ಕುಳಿತರು.

ಆ ಶಿಕ್ಷಕರು ಕ್ಯಾಬಿನೆಟ್ಟನ್ನು ನನ್ನ ಮೇಜಿನ ಮೇಲಿಡಲು ಬಂದರು. ನಾನು ರಟ್ಟು ತೋರಿಸಿದೆ. ಅವರು ಓದಿ ಮಾಸ್ತರರ ಕಡೆ ತಿರುಗಿ ದನಿ ತಗ್ಗಿಸಿದರು. ತಗ್ಗಿಸಿದರೂ ನನಗೆ ಕೇಳಿತು.

"ಪಡಸಾಲಿಯಾಗ ತಂದಿಟ್ರ ನಡೀತದಲ್ಲ?"

"ನಡಿಯಂಗಿಲ್ರಿ" ಎಂದರು ಮಾಸ್ತರರು. "ಅಕಿನ್ನ ಒಳಗ ಕರಕೊಂಡು ಹೋಗಬೇಕು."

"ಒಳಗಂದ್ರ?"

ಮಾಸ್ತರರು ನನ್ನ ಕಡೆ ನೋಡಲಿಲ್ಲ. ತಾವು ಕುಳಿತ ಕಲ್ಲನ್ನು ಅಂಗೈಯಿಂದ ಒಮ್ಮೆ ಒರೆಸಿದರು.

"ಒಳಗಂದ್ರ ಒಳಗ."

ನಾನು ಟೂಲ್ಸ್ ಚೀಲ ಎತ್ತಿಕೊಂಡೆ.